ನೋರಾ ತಂದ ಹಸು

“ಅದು ನನ್ನ ವರ್ಡು,” ಎಂದು ಹರಿಪ್ರಿಯಾ ತನ್ನಷ್ಟಕ್ಕೆ ಗೊಣಗಿದಳು.

ಬೋರ್ಡಿನ ಮುಂದೆ ಅವಳ ಗೆಳತಿ ನೋರಾ ನಿಂತಿದ್ದಳು. ಎಲ್ಲರೂ ಅಜ್ಜಿಯ ಭಾಷೆಯಿಂದ ಒಂದು ಪದ ತರಬೇಕೆಂದು ಟೀಚರ್ ಹೇಳಿದ್ದರು. ಚೆನ್ನಾಗಿರುವ ಒಂದೇ ಒಂದು ಪದ ಸ್ಕೂಲಿನ ಹೊಸ ವೆಬ್‌ಸೈಟಿಗೆ ಹೋಗುವುದಿತ್ತು. ಆ ದಿನಗಳಲ್ಲಿ ಅಮೆರಿಕದ ಸಾಂಟಾ ಕ್ಲಾರಾದ ಅಪ್ಪಂದಿರೆಲ್ಲ ವೆಬ್‌ಸೈಟು ಮಾಡುವುದರಲ್ಲೇ ಮುಳುಗಿದ್ದರು, ಸ್ಕೂಲು ಸುಮ್ಮನಿದ್ದೀತೆ?

“ಐರಿಶ್‌ನಲ್ಲಿ ಹಸುವಿಗೆ ಬೋ ಅಂತೀವಿ,” ಎಂದಳು ನೋರಾ. “‘ಆ ಹಸು’ ಅನ್ನೋಕೆ ಅನ್ ವೋ. ಇಂಡಿಯಾದ ಗೋ, ನಮ್ಮ ಬೋ, ಇಂಗ್ಲಿಷಿನ ಕೌ ಮೂರೂ ಒಂದೇ ಹಳೇ ವರ್ಡಿನಿಂದ ಬಂದಿದ್ದು.”

ಹರಿಪ್ರಿಯಾಳಿಗೆ ಮೈಯೆಲ್ಲ ಉರಿಯಿತು. ಗೋ ಎಂದರೆ ಹಸು ಎಂದು ನಿನ್ನೆ ಲಂಚಿನಲ್ಲಿ ನೋರಾಳಿಗೆ ಹೇಳಿದ್ದೇ ತಾನು. ಇವತ್ತು ನೋರಾ ಅದನ್ನೇ ಕದ್ದು, ವೇಷ ಹಾಕಿಸಿ ತಂದಿದ್ದಾಳೆ. ಒಮ್ಮೆ ಬೋ, ಒಮ್ಮೆ ವೋ! ಹಸು, ಹಸುವಿಗೆ, ಹಸುವಿನ ಎಂದು ಪದದ ಬಾಲ ಬದಲಾಗುವುದು ಗೊತ್ತು. ತಲೆ ಬದಲಾಗುವುದುಂಟೆ? ಖಂಡಿತ ಇದೆಲ್ಲ ಬುರುಡೆ.

“ಕದ್ದಳು ಅಂತ ಸುಮ್ನೆ ಹೇಳಬಾರದಮ್ಮ,” ಎಂದರು ಸಂಜೆ ಮನೆಯಲ್ಲಿ ಅವಳ ದೂರು ಕೇಳಿದ, ಮೈಸೂರಿನಿಂದ ಬಂದಿದ್ದ ಅಜ್ಜಿ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ.”

ನೋರಾಳ ಮನೆ ಅದೇ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿತ್ತು. ಹರಿಪ್ರಿಯಾ ದಡದಡ ಇಳಿದು ಹೋದಳು.

“ನಿಮ್ಮ ಅಜ್ಜೀನ ನಾನೇ ಕೇಳ್ತೀನಿ. ನೀನು ಬಾಯಿ ಬಿಡಬಾರದು,” ಎಂದಳು. ನೋರಾ ಅವಳನ್ನೇ ನೋಡಿ, ಬಾಗಿಲು ಪೂರ್ತಿ ತೆರೆದಳು.

ಮೇಜಿನ ಮೇಲೆ ಹಾಲಿನ ಕಾರ್ಟನ್ನು ಇತ್ತು. ಹರಿಪ್ರಿಯಾ ಅದನ್ನೆತ್ತಿಕೊಂಡು ಸೋಫಾದಲ್ಲಿದ್ದ ನೋರಾಳ ಅಜ್ಜಿಯ ಮುಂದೆ ಹಿಡಿದಳು. ಅದರ ಮೇಲಿದ್ದ ಹಸುವಿನ ಚಿತ್ರಕ್ಕೆ ಬೆರಳಿಟ್ಟು, “ಇದಕ್ಕೆ ನಿಮ್ಮ ಭಾಷೇಲಿ ಏನಂತಾರೆ?” ಎಂದಳು. ನೋರಾ ಪಿಸುಗುಟ್ಟಿ ಹೇಳಿಕೊಟ್ಟರೆ ಎಂದು ಅವಳ ತುಟಿಯ ಮೇಲೂ ಒಂದು ಕಣ್ಣಿಟ್ಟಿದ್ದಳು.

ಅಜ್ಜಿ ಕನ್ನಡಕ ಏರಿಸಿಕೊಂಡರು. “ಬೋ.” ಆಮೇಲೆ ಚಿತ್ರದ ಮೈಮೇಲಿನ ಚುಕ್ಕೆಗಳನ್ನು ಸವರಿದರು. “ಅನ್ ವೋ ವ್ರಾಕ್. ಆ ಚುಕ್ಕೆ ಹಸು. ನಮ್ಮನೇಲೂ ಒಂದಿತ್ತು. ನಾನು ಹಾಡಿದರೇನೇ ಹಾಲು ಕೊಡ್ತಿತ್ತು.”

ಹರಿಪ್ರಿಯಾ ಚಿತ್ರದ ಮೇಲಿಂದ ಬೆರಳು ತೆಗೆದಳು.

“ಗೋ ಅಂದವಳು ನೀನೇನಾ?” ಅಜ್ಜಿಯ ಮುಖ ಅರಳಿತು. “ನಿನ್ನೆ ಸಂಜೆ ನೋರಾ ಓಡಿಬಂದು ಹೇಳಿದಳು. ಬೋ, ಗೋ ಎರಡೂ ಅಕ್ಕತಂಗಿ ಕಣೇ ಅಂದೆ. ನಾನು ಊರಲ್ಲಿ ಟೀಚರ್ ಆಗಿದ್ದೆ. ನನ್ನ ಫ್ರೆಂಡ್ ವರ್ಡೂ ನನ್ನ ವರ್ಡೂ ಒಂದೇ ಮನೇವು ಅಂತ ಇವಳು ಕುಣಿದಿದ್ದೇ ಕುಣಿದಿದ್ದು.”

ಸಾರಿ ಎನ್ನಬೇಕು. ಹರಿಪ್ರಿಯಾ ನೋರಾಳ ಕಡೆ ತಿರುಗಿದಳು.

ನೋರಾ ಅವಳ ಕೈಯಿಂದ ಕಾರ್ಟನ್ನು ತೆಗೆದುಕೊಂಡು ಫ್ರಿಜ್ಜಿನಲ್ಲಿಟ್ಟಳು.

“ನೀನು ಗೋ ಅಂದಾಗ ನಾನು ನಿಮ್ಮ ಅಜ್ಜೀನ ಕೇಳೋಕೆ ಬರಲಿಲ್ಲ,” ಎಂದಳು. ಕೋಪದಿಂದಲ್ಲ, ಮೆಲ್ಲಗೆ.

ಹರಿಪ್ರಿಯಾಳಿಗೆ ಬೇಕಾದ ಪ್ರಮಾಣ ಸಿಕ್ಕಿತ್ತು. ಆದರೆ ಮನೆಗೆ ಹೋಗಲು ಕಾಲೇ ಏಳಲಿಲ್ಲ.