ಕೊರಳು ಒಲ್ಲದ ಶಿವದಾರ

ಲಿಂಗ ನೆಲಕ್ಕೆ ಬಿದ್ದ ಸದ್ದು ಬಹಳ ಸಣ್ಣದು. ಆದರೆ ಶಕುಂತಲಾಬಾಯಿಯವರಿಗೆ ಬಸವಕಲ್ಯಾಣದ ಆ ಮನೆಯ ತೊಲೆಗಳೇ ಕಳಚಿ ಬಿದ್ದಂತಾಯಿತು. ಗಂಡ ದಿಗಂಬರಪ್ಪನವರು ಲಿಂಗೈಕ್ಯರಾಗಿ ಅಂದಿಗೆ ಸರಿಯಾಗಿ ಒಂದು ವರ್ಷ. ಮೊಮ್ಮಗಳಿಗೆ ದೀಕ್ಷೆ ಕೊಡಿಸಬೇಕೆಂಬುದು ಅವರು ಕಡೆಯದಾಗಿ ಆಡಿದ ಮಾತು. ಕೊಡಿಸುತ್ತೇನೆಂದು ಆಕೆ ಅವರ ಕೈ ಹಿಡಿದು ಹೇಳಿದ್ದರು. ಮಠದ ಅಯ್ಯನವರು ಬಂದು ಕುಳಿತಿದ್ದರು. ಏಳು ವರ್ಷದ ಭಾಗೀರಥಿ ಹಣೆಗೆ ವಿಭೂತಿ ಸೋಕಿದಾಗಲೇ ನಡುಗಿದಳು. ಲಿಂಗ ಕಟ್ಟಿದ ಹೊಸ ಶಿವದಾರ ಕೊರಳಿಗೆ ತಾಗಿದ್ದೇ ತಡ, ಮೈಮೇಲೆ ಕೆಂಡ ಬಿದ್ದವಳಂತೆ ಚೀರಿ, ಅದನ್ನು ಕಿತ್ತು, ಎರಡೂ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಮುದುಡಿದಳು...

ಅಯ್ಯನವರು ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡರು. ಶಕುಂತಲಾಬಾಯಿಯವರ ಕೋಪ ಮಾತ್ರ ಸೊಸೆಯ ಮೇಲೆ ತಿರುಗಿತು.

“ಲಿಂಗಾ ಒಗಿಯೂ ಕೂಸು ನಮ್ಮ ವಂಶದಾಗ ಹುಟ್ಟಿಲ್ಲ, ರೂಪಾಲಿ. ಇದೆಲ್ಲಾ ನೀ ಮಾಡಿದ ಲಾಡು, ಅತೀ ಮುದ್ದು.”

“ಆಕಿ ಒಗದಿಲ್ರಿ, ಅತ್ತಿ. ತಾಳಲಾರದಾಗ್ಯಾಳ. ಡಾಕ್ಟರ್ ಹೇಳಿದ್ದು ಎಷ್ಟ ಸಲ ಹೇಳಿದೆ ನಿಮಗ...” ರೂಪಾಲಿಯ ದನಿ ಮೆತ್ತಗಿತ್ತು, ಬಗ್ಗಲಿಲ್ಲ. “ಜುಲುಮೀಲೆ ಕಟ್ಟೂದಿದ್ರ ನಾನೂ ನನ್ನ ಮಗಳೂ ಈ ಹೊಸ್ತಿಲಾ ಮತ್ತ ತುಳಿಯೂದಿಲ್ರಿ.”

ಮಗುವಿನ ಚರ್ಮಕ್ಕೂ ಕಿವಿಗೂ ಎಲ್ಲವೂ ಬೇರೆಯವರಿಗಿಂತ ಹತ್ತು ಪಟ್ಟು ಹೆಚ್ಚಾಗಿ ತಾಗುತ್ತದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದುಂಟು. ಅತ್ತೆಗೆ ಅದು ಕಲಿತವರ ನೆವವೆಂದೇ ತೋರಿತ್ತು. ಮಗ ಬಸವಕುಮಾರ ತಾಯಿಯ ಮುಖ, ಹೆಂಡತಿಯ ಮುಖ ನೋಡಿ, ಸಂಜೆಯ ಬಸ್ಸಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಹುಮನಾಬಾದಿಗೆ ಹೊರಟುಹೋದ. ಅವನ ಕೆಲಸ, ಮನೆ, ಮಗುವಿನ ಶಾಲೆ ಎಲ್ಲ ಅಲ್ಲಿಯೇ. ಶೀಗಿ ಹುಣ್ಣಿಮೆಗೆ ಇನ್ನೊಮ್ಮೆ ಬರುವೆನೆಂದು ಹೇಳಿ ಅಯ್ಯನವರೂ ಎದ್ದರು. ಬರಿದಾದ ಪಡಸಾಲೆಯಲ್ಲಿ ಆಕೆಯೊಬ್ಬರೇ ಉಳಿದರು.

ಹುಣ್ಣಿಮೆಗೆ ಇಪ್ಪತ್ತು ದಿನವಿರುವಾಗ ಮಗನ ಫೋನು ಬಂತು. ಹುಲಸೂರಿನಲ್ಲಿ ರೂಪಾಲಿಯ ತಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಅವಳು ಹೋಗಲೇಬೇಕು, ಒಂದು ವಾರ ಬಂದು ಇರಬೇಕೆಂದು ಕೇಳಿಕೊಂಡ. ಶಕುಂತಲಾಬಾಯಿ ಹೊರಟರು. ಸೀರೆಗಳ ನಡುವೆ ಆ ಲಿಂಗವನ್ನೂ ಶಿವದಾರವನ್ನೂ ಮಡಿಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು. ತಾಯಿ ಇಲ್ಲದಾಗ ದಿನಕ್ಕಿಷ್ಟಿಷ್ಟು ರೂಢಿ ಮಾಡಿಸಿದರೆ ಹುಣ್ಣಿಮೆಯ ಹೊತ್ತಿಗೆ ಕೊರಳು ಒಪ್ಪೀತು ಎಂಬುದು ಅವರ ಲೆಕ್ಕ. ಮಗುವಿನ ಮೇಲೆ ಪ್ರೀತಿಯಿಲ್ಲದೆ ಹಾಗೆ ಮಾಡಿದರೆಂದು ಯಾರೂ ತಿಳಿಯಬಾರದು. ಹೋದವರಿಗೆ ಕೊಟ್ಟ ಮಾತು ಅವರ ಎದೆಯ ಮೇಲೆ ಕುಳಿತಿತ್ತು.

ಮೊದಲ ದಿನ ದಾರವನ್ನು ಮಗುವಿನ ಹೆಗಲ ಮೇಲೆ ಬರಿದೇ ಇಟ್ಟರು. ಎರಡನೆಯ ದಿನ ಕೊರಳಿಗೆ ಹಾಕಿ, ನೂರು ಎಣಿಸುವತನಕ ಕೈ ಹಿಡಿದುಕೊಂಡರು. ಭಾಗೀರಥಿ ಈ ಸಲ ಚೀರಲಿಲ್ಲ. ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು. ಒಲಿದಳೆಂದು ಅಜ್ಜಿ ಹಿಗ್ಗಿದರು. ಮೂರನೆಯ ದಿನ ಅವಳು ಊಟ ಬಿಟ್ಟಳು. ನಾಲ್ಕನೆಯ ದಿನ ಮಧ್ಯಾಹ್ನ ಶಾಲೆಯಿಂದ ಕರೆ ಬಂತು.

ಮಗು ತನ್ನ ಕೊರಳನ್ನು ತಾನೇ ಉಗುರಿನಿಂದ ಗೀರಿಕೊಂಡಿತ್ತು. ಕೆಂಪು ಗೆರೆಗಳು ದಾರ ಇರುತ್ತಿದ್ದ ಜಾಗದಲ್ಲಿಯೇ ಸುತ್ತಲೂ ಮೂಡಿದ್ದವು... ಶಕುಂತಲಾಬಾಯಿ ಶಾಲೆಗೆ ಓಡಿಬಂದು ಅದನ್ನು ಕಂಡರು. ಮಗುವಿನ ಶಿಕ್ಷಕಿ ಶಾಯಿಸ್ತಾ ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಅಜ್ಜಿ ಏನನ್ನೂ ಮುಚ್ಚಿಡದೆ ಹೇಳಿಕೊಂಡರು.

“ನಾನೂ ಮೊದಲ ಹಟಾ ಅಂತ ತಿಳಿದು ಎರಡು ತಿಂಗಳು ಬೈದೀನ್ರಿ, ಆಯಿ,” ಎಂದಳು ಶಾಯಿಸ್ತಾ. “ನಮಗ ದಾರ ಅಂದ್ರ ದಾರ. ಆಕಿಗಿ ಅದು ಜಾಲಿಮುಳ್ಳು. ಸುಮ್ಮ ಕುಂತಾಳಂದ್ರ ನೋವಿಲ್ಲಂತಲ್ರಿ. ನಿಮ್ಮ ಮಾರಿ ನೋಡಿ ತಡ್ಕೊಂಡಾಳ.”

ಈಗ ಶಾಲೆಯಲ್ಲಿ ಏನೇನು ಮಾಡುತ್ತಾರೆಂಬುದನ್ನೂ ಅವಳು ಹೇಳಿದಳು. ಅಂಗಿಯ ಕೊರಳಪಟ್ಟಿಯ ಚೀಟಿ ಕತ್ತರಿಸಿದ್ದಾರೆ. ಗಂಟೆ ಬಾರಿಸುವ ಮೊದಲೇ ಅವಳಿಗೆ ಸನ್ನೆ ಮಾಡುತ್ತಾರೆ, ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ಬಿಸಿಯೂಟದ ಗದ್ದಲದಲ್ಲಿ ತುತ್ತು ಇಳಿಯದ ಕಾರಣ ಬೇವಿನ ಕೆಳಗೆ ತಟ್ಟೆ ಕೊಡುತ್ತಾರೆ. “ಆಕಿ ನೆವದಾಗ ನಾನೂ ಅಲ್ಲೇ ಉಣ್ತೀನ್ರಿ. ನನಗೂ ಆ ಗದ್ದಲ ತಪ್ಪತದ,” ಎಂದು ನಕ್ಕಳು.

ಶಕುಂತಲಾಬಾಯಿ ನಗಲಿಲ್ಲ. ಅವರ ಕಣ್ಣು ಬೇವಿನ ಮರದತ್ತ ನೆಟ್ಟಿತ್ತು. ಎಲೆಗಳ ನಡುವಿನ ಬಿಸಿಲು ನೆಲದ ಮೇಲೆ ತೂಗುತ್ತಿತ್ತು. ನೋಡುತ್ತ ನೋಡುತ್ತ ಆ ನೆರಳಿನಲ್ಲಿ ಬೇರೊಬ್ಬರು ಬೆನ್ನು ಮಾಡಿ ಕುಳಿತು ಒಂಟಿಯಾಗಿ ಉಣ್ಣುತ್ತಿರುವಂತೆ ಕಂಡಿತು...

ದಿಗಂಬರಪ್ಪನವರು ಒಂದು ಮದುವೆಯಲ್ಲಿಯೂ ಪಂಕ್ತಿಗೆ ಕುಳಿತವರಲ್ಲ. ಬಾಜಾ ಬಜಂತ್ರಿ ಶುರುವಾದೊಡನೆ ಮೋರಖಂಡಿಯ ತಮ್ಮ ಹೊಲದ ದಾರಿ ಹಿಡಿಯುತ್ತಿದ್ದರು. ತವರಿನವರು ಅಳಿಯನಿಗೆ ಗತ್ತು ಎನ್ನುತ್ತಿದ್ದರು. ಮದುವೆಯಲ್ಲಿ ಆಕೆಯ ಅಪ್ಪ ಆಸೆಪಟ್ಟು ಮಾಡಿಸಿಕೊಟ್ಟ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಅವರು ಒಂದು ದಿನವೂ ಕೊರಳಿಗೆ ಹಾಕಲಿಲ್ಲ. ಲಿಂಗವನ್ನು ಹಳೆಯ ಧೋತರದ ಮೆತ್ತನೆಯ ಚೂರಿನಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಂಡೇ ಆಯುಷ್ಯ ಕಳೆದರು. ನನ್ನ ಅಪ್ಪನ ಬೆಳ್ಳಿ ಇವರಿಗೆ ಹೀನವಾಯಿತೇ ಎಂದು ಆಕೆ ನಲವತ್ತೆರಡು ವರ್ಷ ಒಳಗೊಳಗೇ ಅತ್ತಿದ್ದರು. ಕೇಳಲಿಲ್ಲ. ಅವರೂ ಹೇಳಲಿಲ್ಲ... ಹೇಳಲು ಅವರಿಗೆ ಮಾತೇ ಇರಲಿಲ್ಲವೇನೋ!

ಶನಿವಾರ ರೂಪಾಲಿ ಹುಲಸೂರಿನಿಂದ ಹಿಂದಿರುಗಿದಾಗ ಅತ್ತೆ ಫೋನಿನಲ್ಲಿ ಮಾತಾಡುತ್ತಿದ್ದರು.

“ಅಯ್ಯನವರ, ಹುಣ್ಣಿಮಿಗಿ ಬರಬ್ಯಾಡ್ರಿ. ಕೂಸು ತಾನಾಗಿ ಬೇಡಿದ ದಿನ ಕರೀತೀನಿ. ಬೇಡಲಿಲ್ಲಂದ್ರ, ಮಾತು ತಪ್ಪಿದ ಪಾಪ ನನ್ನ ಮ್ಯಾಲಿರಲಿ.”

ರೂಪಾಲಿ ಚೀಲ ಕೆಳಗಿಡುವುದನ್ನೂ ಮರೆತು ನಿಂತಳು. ಅತ್ತೆ ತಿರುಗಿ ನೋಡಿ, ಮಗುವಿನ ಕೊರಳಿನ ಗಾಯ ಹೇಗಾಯಿತೆಂಬುದನ್ನು ತಾವಾಗಿಯೇ ಹೇಳಿದರು. ಸೊಸೆಯ ಮುಖ ಬಿಳಚಿತು. ಅವಳು ಮಗುವಿನ ಬಳಿ ಹೋಗಿ ಆ ಗೆರೆಗಳನ್ನು ಮುಟ್ಟದೆ ನೋಡಿದಳು.

“ಮನಿಗಿ ಬರ್ರಿ ಅಂತ ಕರಿಯೂ ಮಾರಿ ನನಗ ಉಳಿದಿಲ್ಲವ್ವ...” ಎಂದರು ಶಕುಂತಲಾಬಾಯಿ.

“ದೀಪಾವಳಿಗಿ ಬರ್ತೇವ್ರಿ, ಅತ್ತಿ,” ಎಂದಳು ರೂಪಾಲಿ ಕೊನೆಗೆ, ಕಣ್ಣೊರೆಸಿಕೊಂಡು. “ಓಣ್ಯಾಗ ಪಟಾಕಿ ಹಚ್ಚೂ ಹೊತ್ತಿಗಿ ಈಕಿನ್ನ ಎಲ್ಲ್ಯಾರ ದೂರ ಒಯ್ಯಬೇಕ್ ನೋಡ್ರಿ.”

ಎಲ್ಲಿಗೆ ಒಯ್ಯಬೇಕೆಂದು ಶಕುಂತಲಾಬಾಯಿಯವರಿಗೆ ಗೊತ್ತಿತ್ತು. ಹಬ್ಬದ ಸಂಜೆ ಅತ್ತೆ, ಸೊಸೆ, ಮಗು ಮೂವರೂ ಮೋರಖಂಡಿಯ ಹೊಲದಲ್ಲಿದ್ದರು. ತೊಗರಿ ಹೂ ಬಿಟ್ಟಿತ್ತು. ಮಂಜು ನೆಲದಿಂದ ಎದ್ದು ಮಣ್ಣನ್ನೂ ಮುಗಿಲನ್ನೂ ಒಂದು ಮಾಡುತ್ತಿತ್ತು. ದೂರದ ಕಲ್ಯಾಣದ ಪಟಾಕಿ ಇಲ್ಲಿಗೆ ಬರಿಯ ಬೆಳಕಾಗಿ ಬರುತ್ತಿತ್ತು. ಭಾಗೀರಥಿ ಹೋಗಿ, ಆ ಹೊಲದಲ್ಲೇ ಮಣ್ಣು ಮಾಡಿದ್ದ ಅಜ್ಜನ ಗದ್ದುಗೆಯ ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿದಳು. ಅಲ್ಲಿ ಹಾಗೆ ಮಲಗಬಾರದೆನ್ನಲು ತೆರೆದ ಬಾಯನ್ನು ಅಜ್ಜಿ ಮುಚ್ಚಿಕೊಂಡರು.

“ಆಯಿ, ಇಲ್ಲಿ ಸಪ್ಪಳನ ಇಲ್ಲ,” ಎಂದಳು ಮಗು.

“ಹೌದವ್ವ... ಅದಕ್ಕ ಅವರು ಇಲ್ಲೇ ಬಂದು ಕೂಡ್ತಿದ್ರು. ನನಗ ತಿಳೀಲಿಲ್ಲ.”