ದೋಣಿ ಕಂಪನಿಯ ಮರಿತಾಯಿ

"ಯಾರ್ಲಾ ಅದು? ಯಾರ್ನ ಕೇಳಿ ನಮ್ಮ ದೋಣಿಗೆ ಸುತ್ತಿಗೇಲಿ ವಡೀತಿದ್ದೀಯ?"

ಮರಿತಾಯಿ ಏದುಸಿರು ಬಿಡುತ್ತಾ ದಡಕ್ಕೆ ಓಡಿ ಬಂದಿದ್ದಳು. ಮಗುಚಿ ಹಾಕಿದ್ದ ದೊಡ್ಡ ದೋಣಿಯ ಪಕ್ಕ ಕೂತಿದ್ದ ಖಾಕಿ ಅಂಗಿಯ ಯುವಕ ತಲೆ ಎತ್ತಿದ. ಅವನು ಹೆದರಲಿಲ್ಲ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

"ಬ್ಲಫ್ ಕರೆಂಟ್ ಕಾರ್ಖಾನೆ ವರ್ಕ್‌ಷಾಪಿನ ಫಿಟ್ರು ಕಣಮ್ಮ, ಕೆಂಪಸಿದ್ದಯ್ಯ ಅಂತ. ಮುದ್ದಯ್ಯನೋರೇ ಬರಾಕೆ ಯೋಳಿದ್ರು. ಮೂರು ಅಲಗೆ ಪೂರಾ ಓಗವೆ."

ಮುದ್ದಯ್ಯ ಎಂದರೆ ಅವಳ ಅಪ್ಪ. ಮರಿತಾಯಿ ಸೆರಗು ಎಳೆದುಕೊಂಡಳು.

"ಮುಂಚೇನೇ ಯೋಳ್ಬಾರ್ದಾ?"

"ನೀವು ಬಾಯಿ ಬುಡಕ್ಕೆ ಬುಟ್ರೆ ತಾನೆ."

ಅವಳಿಗೆ ನಗು ಬಂತು. ಆದರೆ ಮೂರು ಹಲಗೆ ಎಂಬ ಮಾತು ನೆನಪಾಗಿ ನಗು ಅಲ್ಲೇ ಇಂಗಿತು.

ಮಳವಳ್ಳಿ ತಾಲ್ಲೂಕಿನ ಆ ಕಡವಿನಲ್ಲಿ ಜನರನ್ನು ಕಾವೇರಿ ದಾಟಿಸುತ್ತಿದ್ದುದು ಮುದ್ದಯ್ಯನ ದೋಣಿ ಕಂಪನಿ. ಕಂಪನಿ ಎಂದರೆ ಎರಡು ದೋಣಿ, ನಾಲ್ಕು ಜನ ಅಂಬಿಗರು, ಕೀಲುನೋವಿನಿಂದ ಹಾಸಿಗೆ ಹಿಡಿದ ಯಜಮಾನ, ಮತ್ತು ಎಲ್ಲರ ಮೇಲೂ ರೇಗುವ ಅವನ ಮಗಳು, ಅಷ್ಟೇ. ಹಳ್ಳಿಯವರು ಸುಗ್ಗಿಯಲ್ಲಿ ಮನೆಗಿಷ್ಟೆಂದು ರಾಗಿ ಅಳೆದು ಕೊಡುತ್ತಿದ್ದರು, ವರ್ಷವಿಡೀ ಕಾಸಿಲ್ಲದೆ ಹೊಳೆ ದಾಟುತ್ತಿದ್ದರು. ಮಹಾಯುದ್ಧ ಬಂದ ಮೇಲೆ ಸರ್ಕಾರ ಲೆವಿಯೆಂದು ಧಾನ್ಯ ಎತ್ತತೊಡಗಿತು. ಎರಡು ಸುಗ್ಗಿಯಿಂದ ಮುದ್ದಯ್ಯನ ಮನೆಗೆ ರಾಗಿ ಬಂದಿರಲಿಲ್ಲ, ದೋಣಿಗಳು ರಿಪೇರಿ ಕಂಡಿರಲಿಲ್ಲ.

ಈಗ ತಾಲ್ಲೂಕು ಕಚೇರಿಯಿಂದ ನೋಟೀಸು ಬಂದಿತ್ತು. ಎಂಟನೆಯ ದಿನ ದೊಡ್ಡ ದೋಣಿಯಲ್ಲಿ ನಲವತ್ತು ಜನರನ್ನು ಕೂರಿಸಿ ಹೊಳೆ ದಾಟಿಸಿ ತೋರಿಸಬೇಕು. ನೀರು ನುಗ್ಗಿದರೆ ಕಡವಿನ ಗುತ್ತಿಗೆ ಬೇರೆಯವರ ಪಾಲು.

'ದೋಣಿ ಹೋದರೆ ಅಪ್ಪ ಉಳೀತಾನಾ...?' ಮರಿತಾಯಿ ರಾತ್ರಿಯೆಲ್ಲ ಇದನ್ನೇ ಯೋಚಿಸುತ್ತಿದ್ದಳು.

ಕೆಂಪಸಿದ್ದಯ್ಯ ದಿನವೂ ಪಾಳಿ ಮುಗಿಸಿ ಬರುತ್ತಿದ್ದ. ಅವಳು ಮಜ್ಜಿಗೆ ತಂದಿಟ್ಟು ದೂರ ನಿಲ್ಲುತ್ತಿದ್ದಳು. ಅವನು ಕುಡಿದು, ಚೊಂಬು ತೊಳೆದೇ ವಾಪಸು ಕೊಡುತ್ತಿದ್ದ. ತೊಳೆದ ಆ ಚೊಂಬು ನೋಡಿದರೆ ಸಾಕು, ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತು. ಯಾಕೆಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಭಯವಾಗಿತ್ತು.

ಮೂರನೆಯ ದಿನ ಅವನು ಕಡವಿನಲ್ಲಿ ಬೋರ್ಡು ನೇತುಹಾಕಿದ. ತಲೆಗೆ ಒಂದಾಣೆ.

"ಮೊಳೆ, ಅಲಗೆಗೆ ಕಾಸು ಬೇಕಲ್ಲ" ಎಂದ.

ಮದ್ದೂರಿನಲ್ಲಿ ಕಾಸು ಕೊಟ್ಟು ಬಸ್ಸು ಹತ್ತಿ ಬೆಳೆದ ಸಂಬಳದ ಮನುಷ್ಯ. ಸುಗ್ಗಿಯ ರಾಗಿಯ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಮರಿತಾಯಿಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದಳು... ಮೊಳೆಯ ಚಿಂತೆಯಲ್ಲಿ ಮುಚ್ಚಿಕೊಂಡಳು.

ಮಾರನೆಯ ದಿನ ಸೊಪ್ಪಿನ ಕುಕ್ಕೆ ಹೊತ್ತು ಬಂದ ಮುದುಕಿ ಪಟ್ಟಲಮ್ಮ ಬೋರ್ಡಿನಲ್ಲಿ ಏನಿದೆಯೆಂದು ಕೇಳಿ ತಿಳಿದು, ಕುಕ್ಕೆ ಇಳಿಸಲೇ ಇಲ್ಲ.

"ನಮ್ಮತ್ತೆ ಕಾಲ್ದಿಂದ ರಾಗಿ ಅಳ್ದಿವ್ನಿ. ಎರಡೊರ್ಸ ಕೊಡಕ್ಕಾಗ್ಲಿಲ್ಲ ಅಂತ ನನ್ನ ದಾರಿಹೋಕಳು ಮಾಡ್ಬುಟ್ರಾ? ಬುಡು, ನಡ್ಕೊಂಡೇ ಓಯ್ತೀನಿ."

ಮುದುಕಿ ಮೂರು ಮೈಲಿ ಸುತ್ತಿನ ಸೇತುವೆಯ ದಾರಿ ಹಿಡಿದಳು. ಸಂಜೆಯೊಳಗೆ ಸುದ್ದಿ ಹಬ್ಬಿತು. ಮರುದಿನ ಕಡವಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಜನರೇ ಇಲ್ಲದಿದ್ದರೆ ನಲವತ್ತು ಮಂದಿಯನ್ನು ಎಲ್ಲಿಂದ ತರುವುದು?

ಕೆಂಪಸಿದ್ದಯ್ಯ ಬಂದೊಡನೆ ಮರಿತಾಯಿ ಸಿಡಿದಳು.

"ಉಳಿಸ್ತೀನಿ ಅಂತ ಬಂದು ಮುಳುಗ್ಸಿದ್ರಿ. ನಾಳಿಂದ ಈ ಕಡೀಕೆ ತಲೆ ಆಕ್ಬ್ಯಾಡಿ."

ಅವನು ಚೀಲ ಎತ್ತಿಕೊಂಡು ಹೋದ.

ಮನೆಗೆ ಬಂದಾಗ ಅಪ್ಪ ಮಲಗಿದಲ್ಲಿಂದಲೇ ಕೇಳಿದ, "ಅವನ್ಗೆ ತಿಳೀದು. ನಿಂಗೂ ತಿಳೀದಿತ್ತಾ ಮಗ?"

ಮರಿತಾಯಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಬೋರ್ಡು ಕಿತ್ತು ಮನೆಮನೆಗೆ ಹೊರಟಳು. ಮೊದಲು ಪಟ್ಟಲಮ್ಮನ ಬಾಗಿಲು.

"ತಪ್ಪಾಯ್ತು ಕಣವ್ವ. ಈ ದಪ ರಾಗಿ ಬ್ಯಾಡ. ಅಲಗೆ ಸಂದಿಗೆ ತುಂಬಕ್ಕೆ ಸೆಣಬಿನ ನಾರು ಕೊಡಿ, ಒಂಗೆ ಎಣ್ಣೆ ಕೊಡಿ. ಏನೂ ಇಲ್ದಿದ್ರೆ ಒಂದಿನದ ಆಳು ಕೊಡಿ."

ಮುದುಕಿ ಅಟ್ಟದ ಕಡೆ ಕೈ ತೋರಿಸಿದಳು.

"ಒನ್ನೆ ಮರದ ಅಲಗೆ ಅವೆ. ಎಳ್ಕೋ."

ಆರನೆಯ ದಿನಕ್ಕೆ ದಡದ ತುಂಬ ಸಾಮಾನು, ಜನ. ಆದರೆ ಹಲಗೆ ಕೂರಿಸಬಲ್ಲವನೇ ಇಲ್ಲ.

ಮರಿತಾಯಿ ಬ್ಲಫ್‌ಗೆ ನಡೆದಳು. ಪಾಳಿ ಬಿಡುವ ಹೊತ್ತು. ಗೇಟಿನಿಂದ ಬಂದ ಗಂಡಸರೆಲ್ಲ ಅವಳನ್ನೇ ನೋಡಿದರು. 'ಬರಲ್ಲ ಅಂದುಬಿಟ್ಟರೆ...?'

ಅವನು ಕಂಡ. ಅವಳು ಎಲ್ಲರೆದುರೇ ಹೇಳಿದಳು.

"ಬೋರ್ಡು ಆಕೋವಾಗ ನಾನೂ ನೋಡ್ತಿದ್ದೆ, ಬ್ಯಾಡ ಅನ್ಲಿಲ್ಲ. ನನ್ ತಪ್ನೂ ನಿಮ್ ತಲೆಗೆ ಕಟ್ದೆ. ಬನ್ನಿ."

ಕೆಂಪಸಿದ್ದಯ್ಯನ ಕೈಚೀಲ ಭಾರವಾಗಿತ್ತು. ತೆರೆದು ತೋರಿಸಿದ. ಮೇಸ್ತ್ರಿಯನ್ನು ಕೇಳಿ, ಬಿಡುವಿನಲ್ಲಿ ಗುಜರಿ ಕಬ್ಬಿಣದಿಂದ ಬಡಿದ ಮೊಳೆಗಳು.

"ಕರೀದಿದ್ರೂ ಇವ್ನ ದಡದಲ್ಲಿ ಮಡಗಿ ಬರಾನ ಅಂತಿದ್ದೆ."

ಎಂಟನೆಯ ದಿನ ಕಚೇರಿಯ ಅಧಿಕಾರಿ ಬಂದರು. ಹೊಸ ಹಲಗೆ ಕೂರಿಸಿದ ದೋಣಿ ನೀರಿಗಿಳಿಯಿತು. ಆದರೆ ಹತ್ತಲು ಯಾರಿಗೂ ಧೈರ್ಯವಿಲ್ಲ.

ಮರಿತಾಯಿ ಮೊದಲು ಹತ್ತಿದಳು. ಹಿಂದೆಯೇ ಕೆಂಪಸಿದ್ದಯ್ಯ ಹತ್ತಿ ಎದುರಿಗೆ ಕೂತ. ಪಟ್ಟಲಮ್ಮ ಗೊಣಗುತ್ತಾ ಬಂದಳು. ಆಮೇಲೆ ಒಬ್ಬೊಬ್ಬರಾಗಿ ನಲವತ್ತು ತುಂಬಿತು. ಕೊನೆಗೆ ಅಧಿಕಾರಿಯೂ ಹತ್ತಿದರು, ಅಂಬಿಗರು ಹುಟ್ಟು ಹಾಕಿದರು.

ನಡುಹೊಳೆಯಲ್ಲಿ ಹಲಗೆ ಕಿರ್ ಎಂದಿತು. ಮರಿತಾಯಿ ತಳವನ್ನೇ ನೋಡಿದಳು. ಒಂದು ಹನಿ... ಇಲ್ಲ, ಅದು ಅವಳದೇ ಬೆವರು. ಎದುರಿನವನ ಮುಖ ಮಾತ್ರ ಸುಣ್ಣದಂತಾಗಿತ್ತು.

ಆಚೆ ದಡ ತಾಗಿತು. ತಳ ಒಣಗಿಯೇ ಇತ್ತು. ಅಧಿಕಾರಿ ಬಗ್ಗಿ ಕೈಯಾಡಿಸಿ ನೋಡಿ, ಕಾಗದಕ್ಕೆ ರುಜು ಹಾಕಿದರು. ಗುತ್ತಿಗೆ ಮುದ್ದಯ್ಯನಿಗೇ ಉಳಿಯಿತು.

ಜನ ಇಳಿದು ಹೋದರು. ಕೆಂಪಸಿದ್ದಯ್ಯ ಇನ್ನೂ ಅಂಚು ಹಿಡಿದೇ ಕೂತಿದ್ದ.

"ಯಾಕಿಂಗೆ ಬೆವ್ತೀರಿ? ನಿಮ್ ಕೆಲ್ಸದ ಮ್ಯಾಲೆ ನಿಮ್ಗೇ ನಂಬ್ಕೆ ಇರ್ನಿಲ್ವಾ?"

"ಇತ್ತು. ಈಜು ಬರಕಿಲ್ಲ."

ಮರಿತಾಯಿಗೆ ಕಣ್ಣು ತುಂಬಿಬಂತು.

"ಮತ್ಯಾಕೆ ದೋಣಿ ಅತ್ತಿದ್ರಿ...?"

"ನೀವು ಅತ್ತಿದ್ರಲ್ಲ. ನೀವಿಲ್ದಿದ್ ದಡದಲ್ಲಿ ನಿಂತ್ಕೊಂಡು ನಾನೇನ್ ಮಾಡ್ಲಿ?"

ಅವಳು ಅವನ ಪಕ್ಕಕ್ಕೆ ಬಂದು ಕೂತಳು.

"ಅಪ್ಪನ್ನ ಯಾವತ್ತು ಕೇಳ್ತೀರಿ?"

"ಇವತ್ತೇ. ಈ ದಡಕ್ಕೆ ಬಂದ್ಬುಟ್ಟಿವ್ನಲ್ಲ, ವಾಪಸ್ ಎಂಗೆ ಓಗ್ಲಿ?"

"ನಾನ್ ಕರ್ಕೊಂಡೋಯ್ತೀನಿ, ಕೂತ್ಕಳಿ" ಎಂದು ಮರಿತಾಯಿ ಹುಟ್ಟು ಕೈಗೆತ್ತಿಕೊಂಡಳು.