ಮೆತ್ತನೆಯ ದವಡೆ

"ಇಷ್ಟು ದಿನ ಕಣ್ಣು ಮುಚ್ಕೊಂಡು ಕೂತಿದ್ರಾ?"

ಪ್ರಾಣಿಗಳ ಡಾಕ್ಟರು ಹಾಗೆ ಕೇಳಿದಾಗ ಅವಳು ತಲೆ ತಗ್ಗಿಸಿದಳು. ಮೇಜಿನ ಮೇಲೆ ಹಾಸಿದ್ದ ಟವೆಲಿನಲ್ಲಿ ಮೊಳದುದ್ದದ ಸಾಕು ಓತಿಯೊಂದು ಮಲಗಿತ್ತು. ಹಿಂಗಾಲುಗಳು ಸೊಟ್ಟಗಾಗಿದ್ದವು, ಕಣ್ಣುಗಳು ಗುಳಿ ಬಿದ್ದಿದ್ದವು. ಉದುರಬೇಕಿದ್ದ ಪೊರೆ ಬೆರಳುಗಳಿಗೆ ದಾರದಂತೆ ಬಿಗಿದು, ಒಂದು ಬೆರಳಿನ ತುದಿ ಕಪ್ಪಾಗಿತ್ತು.

"ದವಡೆ ನೋಡಿ, ರಬ್ಬರ್ ಥರ ಬಾಗ್ತಿದೆ. ಬಿಸಿಲು ಕಂಡಿಲ್ಲ, ಕ್ಯಾಲ್ಸಿಯಂ ಸಿಕ್ಕಿಲ್ಲ. ತನ್ನ ಮೂಳೆ ತಾನೇ ಕರಗಿಸ್ಕೊಂಡು ಬದುಕಿದೆ, ಪಾಪ."

ದವಡೆಯ ವಿಷಯ ಅವಳಿಗೂ ಗೊತ್ತಿತ್ತು. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಅವಳ ದಿನಗಳು ಪ್ಲಾಸ್ಟರ್ ದವಡೆಗಳ ನಡುವೆಯೇ ಕಳೆಯುತ್ತಿದ್ದವು. ಮುಖವೇ ಕಾಣದ ಜನರ ನಗುವನ್ನು ಜೋಡಿಸುವುದು, ಉಜ್ಜಿ ಹೊಳಪು ಕೊಡುವುದು, ಡಬ್ಬಿಗೆ ಹಾಕಿ ಕಳಿಸುವುದು. ಮನೆಗೆ ಬಂದರೆ ಒಂದು ಕೋಣೆ, ಒಂದು ತಟ್ಟೆ.

ಓತಿ ಅವಳದಲ್ಲ. ಕೆಳಮನೆಯವರು ಖಾಲಿ ಮಾಡುವಾಗ ಗಾಜಿನ ಪೆಟ್ಟಿಗೆಯ ಸಮೇತ ಅದನ್ನು ಮೆಟ್ಟಿಲ ಕೆಳಗೆ ಬಿಟ್ಟುಹೋಗಿದ್ದರು. ಅದನ್ನು ಹೇಳಬೇಕೆಂದು ಬಾಯಿ ತೆರೆದವಳು ಬೇರೆಯದನ್ನೇ ಕೇಳಿದಳು: "ಇದು ತಿನ್ನೋದೇನು ಡಾಕ್ಟ್ರೇ?"

ಡಾಕ್ಟರ ಕೈ ಅಲ್ಲೇ ನಿಂತಿತು. ಅವರು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು.

"ಇದು ನಿಮ್ಮದಲ್ಲ, ಅಲ್ವಾ?"

"ಈಗ ನಂದೇ."

"ಮತ್ತೆ ಅಷ್ಟೊತ್ತು ಸುಮ್ನೆ ಬೈಸ್ಕೊಂಡ್ರಲ್ಲ?"

"ನನ್ನ ಯಾರಾದ್ರೂ ಬೈದು ತುಂಬ ದಿನ ಆಗಿತ್ತು."

ಡಾಕ್ಟರಿಗೆ ನಗು ಬಂತು. ಅರ್ಧಕ್ಕೇ ತಡೆದುಕೊಂಡರು. ಕಿವಿ ಮಾತ್ರ ಕೆಂಪಾಯಿತು.

ಅವಳು ಅದಕ್ಕೆ ದೊರೆ ಎಂದು ಹೆಸರಿಟ್ಟಳು. ಬಿಸಿಲಿನ ಬದಲಿಗೆ ಉರಿಸುವ ವಿಶೇಷ ದೀಪ ತಂದಳು. ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಒದ್ದೆ ಹತ್ತಿಯಿಂದ ಬೆರಳುಗಳ ಪೊರೆಯನ್ನು ಚೂರುಚೂರೇ ಬಿಡಿಸಿದಳು. ತುಟಿಯ ಅಂಚಿಗೆ ಹನಿಹನಿಯಾಗಿ ಔಷಧಿ ಇಟ್ಟಳು. ಫೋನಿನಲ್ಲಿ ಅಕ್ಕ ಬಾಯಿ ಬಡಿದುಕೊಂಡಳು: "ಗಂಡು ನೋಡೇ ಅಂದ್ರೆ ಓತಿಕ್ಯಾತ ನೋಡ್ಕೊಂಡಿದೀಯಲ್ಲೇ!"

ಪ್ರತಿ ಶನಿವಾರ ಕ್ಲಿನಿಕ್. ಡಾಕ್ಟರು ದವಡೆ ಒತ್ತಿ ನೋಡುವಾಗ ದೊರೆಯನ್ನು ಹಿಡಿದುಕೊಳ್ಳುವುದು ಅವಳ ಕೆಲಸ. ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಓತಿಯನ್ನೇ ನೋಡುತ್ತಿದ್ದರು. ಅದು ಒಂದು ಕಣ್ಣಿನಲ್ಲಿ ಅವಳನ್ನೂ ಇನ್ನೊಂದರಲ್ಲಿ ಅವರನ್ನೂ ನೋಡುತ್ತಿತ್ತು.

ಒಂದು ಮಧ್ಯಾಹ್ನ ದೊರೆಯ ಮೈ ನಡುಗತೊಡಗಿತು. ಕಾಲುಗಳು ಸೆಟೆದುಕೊಂಡವು. ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಓಡಿದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು, "ಇನ್ನು ಕಾಯಬೇಕು ಅಷ್ಟೇ," ಎಂದರು. ಹೊರಗೆ ಕಾಯುತ್ತಿದ್ದ ಬೇರೆಯವರನ್ನು ಕಳಿಸಿ, ಬಂದು ಅವಳ ಪಕ್ಕ ನೆಲದ ಮೇಲೆಯೇ ಕೂತರು.

"ಹೋಗ್ಬಿಡುತ್ತಾ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ ನಿಮಗೆ."

ಅವಳು ಅತ್ತಳು. ಅವರು ಸಮಾಧಾನ ಹೇಳಲಿಲ್ಲ. ಗೋಡೆ ನೋಡುತ್ತ ಮೆಲ್ಲಗೆ ಹೇಳಿದರು: "ಹೆಂಡತಿ ಬಿಟ್ಟು ಹೋದ ಮೇಲೆ ನಾನು ಮನೇಲಿ ರೇಡಿಯೋ ಆರಿಸೋದೇ ಇಲ್ಲ. ಏನ್ ಹಾಡು ಬರ್ತಿದೆ ಅಂತಾನೂ ಗೊತ್ತಿರಲ್ಲ."

ಸಂಜೆಯ ಹೊತ್ತಿಗೆ ದೊರೆ ಕತ್ತೆತ್ತಿತು. ಆ ಮೇಲೆ ವಾರ ವಾರಕ್ಕೂ ದವಡೆ ಗಟ್ಟಿಯಾಗುತ್ತ ಬಂತು. ಕಾಲುಗಳು ಮಾತ್ರ ಸೊಟ್ಟಗೇ ಉಳಿದವು.

"ಇನ್ನು ವಾರ ವಾರ ಬರೋದು ಬೇಡ," ಎಂದರು ಡಾಕ್ಟರು ಒಂದು ಶನಿವಾರ. ಅವರ ದನಿಯಲ್ಲಿ ಖುಷಿ ಇರಲಿಲ್ಲ.

"ಥ್ಯಾಂಕ್ಸ್ ಡಾಕ್ಟ್ರೇ," ಎಂದು ಅವಳು ಹೊರಟಳು. ಅವರು ಕರೆಯಬಹುದೆಂದು ಬಾಗಿಲ ಬಳಿ ನಿಧಾನಿಸಿದಳು. ಕರೆಯಲಿಲ್ಲ.

ಮುಂದಿನ ಶನಿವಾರ ಕೋಣೆ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿತ್ತು. ಹೊಟ್ಟೆ ತುಂಬಿದ ದೊರೆ ದೀಪದ ಕೆಳಗೆ ನೆಮ್ಮದಿಯಾಗಿ ಮಲಗಿತ್ತು. ಅವಳು ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಕೊನೆಗೆ ಚಪ್ಪಲಿ ಮೆಟ್ಟಿ, ಬರಿಗೈಯಲ್ಲಿ ಹೊರಟಳು.

ಅವಳ ಖಾಲಿ ಕೈ ಕಂಡು ಡಾಕ್ಟರು ಗಾಬರಿಯಿಂದ ಎದ್ದರು. "ದೊರೆಗೆ ಏನಾಯ್ತು?"

"ದೊರೆ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ."

ಒಳಗೆಲ್ಲೋ ನಾಯಿಯೊಂದು ಬೊಗಳಿ ಸುಮ್ಮನಾಯಿತು.

"ನಾನು ಬರಬೇಡಿ ಅಂದಿದ್ದು..." ಡಾಕ್ಟರು ತಡವರಿಸಿದರು. "ಇಲ್ಲದ ಕಾಯಿಲೆ ಹೇಳಿ ಕರೆಸ್ಕೊಳ್ಳಕ್ಕೆ ಮನಸ್ಸು ಒಪ್ಪಲಿಲ್ಲ. ಕಾಯಿಲೆ ಇಲ್ದೇನೂ ಬನ್ನಿ ಅನ್ನಕ್ಕೆ ಧೈರ್ಯ ಸಾಲಲಿಲ್ಲ."

"ಈಗ ಬಂದಿದೀನಲ್ಲ."

ಅವರು ನಕ್ಕರು. ಈ ಸಲ ತಡೆದುಕೊಳ್ಳಲಿಲ್ಲ. ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅವಳ ಹತ್ತಿರ ಬಂದು, ತಣ್ಣಗಾಗಿದ್ದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು.

"ಊಟ ಆಯ್ತಾ?"

"ಇಲ್ಲ. ಒಬ್ಬಳಿಗೇ ಅಂತ ಮಾಡಕ್ಕೆ ಮನಸ್ಸಾಗಲಿಲ್ಲ."

"ಸರಿ, ಇಬ್ಬರಿಗೆ ಮಾಡೋಣ," ಎಂದು ಅವರು ಕ್ಲಿನಿಕ್ಕಿನ ದೀಪ ಆರಿಸಿದರು.